ಕ್ಷ-ಕಿರಣ ಅಳತೆ: ಪ್ರಯೋಗಾಲಯಗಳ ನಡುವಿನ ತಾಳೆ

ಒಂದೇ ವಸ್ತುವನ್ನು ಬೇರೆ ಬೇರೆ ಪ್ರಯೋಗಾಲಯಗಳು ಕ್ಷ-ಕಿರಣಗಳಿಂದ ಅಳೆದಾಗ ಬರುವ ಫಲಿತಾಂಶಗಳು ಎಷ್ಟರಮಟ್ಟಿಗೆ ಹೊಂದುತ್ತವೆ, ಹೊಂದದಿದ್ದರೆ ವ್ಯತ್ಯಾಸ ಹುಟ್ಟಿದ್ದು ಎಲ್ಲಿ ಎಂಬುದನ್ನು ಕ್ರಮಬದ್ಧವಾಗಿ ಕಂಡುಹಿಡಿಯುವ ಕೆಲಸಕ್ಕೆ ಅಂತರ-ಪ್ರಯೋಗಾಲಯ ತಾಳೆ ಎಂದು ಹೆಸರು. ಬಂಡೆ, ಅದಿರು, ಸಿಮೆಂಟು, ಔಷಧಿ, ಲೋಹ, ಮೂಳೆ ಹೀಗೆ ಕ್ಷ-ಕಿರಣ ಮುಟ್ಟದ ಕ್ಷೇತ್ರ ಇಂದು ಕಡಿಮೆ. ಯಂತ್ರದ ಪರದೆಯ ಮೇಲೆ ದಶಮಾಂಶದ ನಂತರ ಮೂರು ಅಂಕಿಗಳವರೆಗೆ ಉತ್ತರ ಮೂಡುತ್ತದೆ. ಆದರೆ ಅದೇ ಪುಡಿಯನ್ನು ಉತ್ತರ ತಿಳಿಯದ ಇನ್ನೊಂದು ಲ್ಯಾಬು ಅಳೆದಾಗಲೂ ಅದೇ ಸಂಖ್ಯೆ ಬರುವವರೆಗೆ ಆ ಅಂಕಿಗಳ ಬೆಲೆ ತಿಳಿಯುವುದಿಲ್ಲ. ಈ ಲೇಖನ ಆ ತಾಳೆಯ ಇತಿಹಾಸ, ವಿಧಾನ ಮತ್ತು ತೊಡಕುಗಳನ್ನು ಚಿತ್ರದುರ್ಗ ಜಿಲ್ಲೆಯ, ಮುಖ್ಯವಾಗಿ ಐಮಂಗಲ ಸೀಮೆಯ, ಶಿಲೆ-ಅದಿರುಗಳನ್ನು ಮುಂದಿಟ್ಟುಕೊಂಡು ವಿವರಿಸುತ್ತದೆ.

ಐಮಂಗಲ ಸೀಮೆಯ ಶಿಲೆಗಳು

ಹಿರಿಯೂರು ತಾಲ್ಲೂಕಿನ ಐಮಂಗಲ ಬೆಂಗಳೂರು–ಪುಣೆ ಹೆದ್ದಾರಿಯಲ್ಲಿ ಹಿರಿಯೂರಿಗೂ ಚಿತ್ರದುರ್ಗಕ್ಕೂ ನಡುವೆ ಇದೆ. ಸುತ್ತಲಿನ ನೆಲ ಚಿತ್ರದುರ್ಗ ಶಿಸ್ಟ್ ಪಟ್ಟಿಗೆ ಸೇರಿದ್ದು. ಗದಗದ ಕಡೆಯಿಂದ ತೆಂಕಲಾಗಿ ಚಾಚಿಕೊಂಡಿರುವ ಈ ಪಟ್ಟಿಯ ಶಿಲಾಸ್ತರಗಳಲ್ಲಿ ಒಂದಕ್ಕೆ ಭೂವಿಜ್ಞಾನಿಗಳು ಹಿರಿಯೂರಿನ ಹೆಸರನ್ನೇ ಇಟ್ಟಿದ್ದಾರೆ. ಸಮೀಪದ ಮರಡಿಹಳ್ಳಿಯಲ್ಲಿ ದಿಂಬು ಲಾವಾ ಕಾಣುತ್ತದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಉಕ್ಕಿದ ಲಾವಾ ತಣ್ಣೀರು ತಾಗಿ ಉಂಡೆ ಉಂಡೆಯಾಗಿ ಗಟ್ಟಿಗೊಂಡ ರೂಪವಿದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಇದನ್ನು 1976ರಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿತು. ಚಿತ್ರದುರ್ಗ ಪಟ್ಟಣದ ಪಕ್ಕದ ಇಂಗಳದಾಳಿನಲ್ಲಿ ತಾಮ್ರದ ಗಣಿಯಿತ್ತು. ಹೊಳಲ್ಕೆರೆ, ಹೊಸದುರ್ಗ, ಚಿತ್ರದುರ್ಗ ತಾಲ್ಲೂಕುಗಳಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರು ಸಿಗುತ್ತದೆ, ಹೊಸದುರ್ಗದ ಮತ್ತೋಡಿನ ಕಡೆ ಸುಣ್ಣಕಲ್ಲಿದೆ. 1894ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅವರ ನೇತೃತ್ವದಲ್ಲಿ ಆರಂಭವಾದ ಮೈಸೂರು ಭೂವಿಜ್ಞಾನ ಇಲಾಖೆಯ ಕಾಲದಿಂದ ಈ ಕಲ್ಲುಗಳ ರಾಸಾಯನಿಕ ವಿಶ್ಲೇಷಣೆ ನಡೆದಿದೆ. ಮೊದಲು ಆಮ್ಲದಲ್ಲಿ ಕರಗಿಸಿ, ಸೋಸಿ, ತೂಗುವ ವಿಧಾನವಿತ್ತು. ಈಚಿನ ದಶಕಗಳಲ್ಲಿ ಆ ಸ್ಥಾನವನ್ನು ಬಹುಪಾಲು ಕ್ಷ-ಕಿರಣ ಯಂತ್ರ ವಹಿಸಿಕೊಂಡಿದೆ.

ಒಬ್ಬ ಸಂಶೋಧಕ ದಿಂಬು ಲಾವಾದ ಕ್ರೋಮಿಯಂ ಪ್ರಮಾಣವನ್ನು ಬೆಂಗಳೂರಿನಲ್ಲಿ ಅಳೆಯುತ್ತಾನೆ, ಮತ್ತೊಬ್ಬರು ಅದೇ ಬಗೆಯ ಕಲ್ಲನ್ನು ಹೈದರಾಬಾದಿನಲ್ಲಿ ಅಳೆಯುತ್ತಾರೆ. ಎರಡರ ನಡುವಿನ ಅಂತರ ಲಾವಾದ ಇತಿಹಾಸದ್ದೋ ಯಂತ್ರದ್ದೋ ಎಂದು ಮೊದಲು ಇತ್ಯರ್ಥವಾಗಬೇಕು. ಗಣಿಯವನಿಗೂ ಕಾರ್ಖಾನೆಯವನಿಗೂ ಇದೇ ಪ್ರಶ್ನೆ ಹಣದ ರೂಪದಲ್ಲಿ ಎದುರಾಗುತ್ತದೆ.

ಅಳತೆಯ ಎರಡು ದಾರಿ

ವಿಲ್ಹೆಲ್ಮ್ ರಾಂಟ್‌ಜನ್ ಕ್ಷ-ಕಿರಣವನ್ನು ಕಂಡದ್ದು 1895ರ ನವೆಂಬರ್ 8ರಂದು. 1913ರಲ್ಲಿ ಬ್ರಾಗ್ ತಂದೆ-ಮಗ ಹರಳುಗಳ ಒಳರಚನೆಯನ್ನು ಅದರಿಂದ ಓದುವ ದಾರಿ ತೋರಿದರು. ಅದೇ ವರ್ಷ ಹೆನ್ರಿ ಮೋಸ್ಲಿ ಪ್ರತಿ ಮೂಲಧಾತುವೂ ತನ್ನದೇ ಆದ ಕ್ಷ-ಕಿರಣವನ್ನು ಸೂಸುತ್ತದೆಂದೂ ಅದರ ಕಂಪನಾಂಕಕ್ಕೂ ಪರಮಾಣು ಸಂಖ್ಯೆಗೂ ನೇರ ನಂಟಿದೆಯೆಂದೂ ತೋರಿಸಿದರು. ಇಂದಿನ ಪ್ರಯೋಗಾಲಯದ ಎರಡು ಮುಖ್ಯ ಯಂತ್ರಗಳು ಈ ಎರಡು ಬೇರುಗಳಿಂದ ಬಂದವು. ಪ್ರತಿದೀಪ್ತಿ ಯಂತ್ರ, ಅಂದರೆ ಎಕ್ಸ್‌ಆರ್‌ಎಫ್, ಪುಡಿಯಲ್ಲಿ ಯಾವ ಧಾತು ಎಷ್ಟಿದೆ ಎಂದು ಹೇಳುತ್ತದೆ. ವಿವರ್ತನ ಯಂತ್ರ, ಅಂದರೆ ಎಕ್ಸ್‌ಆರ್‌ಡಿ, ಆ ಧಾತುಗಳು ಯಾವ ಖನಿಜವಾಗಿ ಕೂಡಿವೆ ಎಂದು ಹೇಳುತ್ತದೆ. ಕಬ್ಬಿಣ ಇದೆಯೇ ಎಂಬುದು ಮೊದಲನೆಯದರ ಪ್ರಶ್ನೆ. ಅದು ಹೆಮಟೈಟೋ ಮ್ಯಾಗ್ನಟೈಟೋ ಎಂಬುದು ಎರಡನೆಯದರ ಪ್ರಶ್ನೆ.

ಎಣಿಕೆಯ ದೋಷ ಈ ಯಂತ್ರಗಳಲ್ಲಿ ಬಹಳ ಚಿಕ್ಕದು. ಪತ್ತೆಗಾರ ಉಪಕರಣ ಎಣಿಸಿದ ಕಿರಣಕಣಗಳ ಸಂಖ್ಯೆಯ ವರ್ಗಮೂಲವೇ ಎಣಿಕೆಯ ಅನಿಶ್ಚಿತತೆ. 10 ಲಕ್ಷ ಎಣಿಕೆಗೆ ಅದು 1000, ಅಂದರೆ ಶೇ. 0.1. ಕೆಲವು ನಿಮಿಷಗಳಲ್ಲಿ ಅಷ್ಟು ಎಣಿಕೆ ಸಿಕ್ಕೀತು. ಹಾಗಾಗಿ ಒಂದೇ ಬಿಲ್ಲೆಯನ್ನು ಒಂದೇ ಯಂತ್ರದಲ್ಲಿ ಹತ್ತು ಸಲ ಇಟ್ಟರೂ ಉತ್ತರ ಹೆಚ್ಚೂಕಡಿಮೆ ಅದೇ ಬರುತ್ತದೆ. ಇದನ್ನು ಪುನರಾವರ್ತನೀಯತೆ ಎನ್ನುತ್ತಾರೆ. ಬೇರೆ ಲ್ಯಾಬು, ಬೇರೆ ಆಪರೇಟರು, ಬೇರೆ ಯಂತ್ರ ಬದಲಾದಾಗಲೂ ಉಳಿಯುವ ಹೊಂದಾಣಿಕೆಗೆ ಪುನರುತ್ಪಾದನೀಯತೆ ಎಂದು ಹೆಸರು. ಮೊದಲನೆಯದನ್ನು ಕಂಡು ಎರಡನೆಯದೂ ಇದೆಯೆಂದು ನಂಬುವುದೇ ಈ ಕ್ಷೇತ್ರದ ಅತಿ ಸಾಮಾನ್ಯ ತಪ್ಪು. ಒಂದು ಯಂತ್ರದ ಉತ್ತರಗಳ ಏರುಪೇರು ಎಷ್ಟು ಕಡಿಮೆಯಿದ್ದರೂ ಅದರ ಮಾಪನಾಂಕನ ತಪ್ಪಿದ್ದರೆ ತಪ್ಪೇ ಮತ್ತೆ ಮತ್ತೆ ಬರುತ್ತದೆ.

ಎರಡು ಕಲ್ಲುಗಳ ಪಾಠ

ತಾಳೆಯ ಚರಿತ್ರೆಯಲ್ಲಿ 1951ಕ್ಕೆ ವಿಶೇಷ ಸ್ಥಾನವಿದೆ. ಹೆರಾಲ್ಡ್ ಫೇರ್‌ಬೈರ್ನ್ ಮತ್ತು ಸಂಗಡಿಗರು ಎರಡು ಕಲ್ಲುಗಳನ್ನು ನುಣ್ಣಗೆ ಪುಡಿಮಾಡಿ ಹಲವು ಪ್ರಯೋಗಾಲಯಗಳಿಗೆ ಹಂಚಿದ್ದರು. ಒಂದು ಅಮೆರಿಕದ ರೋಡ್ ಐಲೆಂಡಿನ ವೆಸ್ಟರ್ಲಿ ಗ್ರಾನೈಟು, ಅದರ ಗುರುತು ಜಿ-1. ಇನ್ನೊಂದು ವರ್ಜೀನಿಯಾದ ಡಯಬೇಸು, ಡಬ್ಲ್ಯು-1. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ ಫಲಿತಾಂಶವನ್ನು ತನ್ನ 980ನೆಯ ಬುಲೆಟಿನ್ ಆಗಿ ಪ್ರಕಟಿಸಿತು. ನುರಿತ ರಸಾಯನಶಾಸ್ತ್ರಜ್ಞರ ಕೈಯಲ್ಲೂ ಒಂದೇ ಪುಡಿಯ ಸಿಲಿಕಾ ಪ್ರಮಾಣ ಲ್ಯಾಬಿನಿಂದ ಲ್ಯಾಬಿಗೆ ಶೇ. 1ಕ್ಕಿಂತ ಹೆಚ್ಚು ಏರುಪೇರಾಗಿತ್ತು. ಅಲ್ಯೂಮಿನಾದಲ್ಲೂ ಅಂತಹುದೇ ಕಥೆ. ಪ್ರತಿಯೊಬ್ಬರೂ ತಮ್ಮ ತಮ್ಮ ಮೇಜಿನ ಮೇಲೆ ನಿಖರವಾಗಿ ಕೆಲಸ ಮಾಡಿದ್ದರು, ಆದರೆ ಮೇಜುಗಳು ಒಂದಕ್ಕೊಂದು ಒಪ್ಪಲಿಲ್ಲ.

ಆ ಅಧ್ಯಯನ ನಡೆದಾಗ ಕ್ಷ-ಕಿರಣ ಪ್ರತಿದೀಪ್ತಿ ಇನ್ನೂ ವಾಡಿಕೆಯ ವಿಧಾನವಾಗಿರಲಿಲ್ಲ. ಆದರೂ ಮುಂದಿನ ಎಲ್ಲ ಕ್ಷ-ಕಿರಣ ಲ್ಯಾಬುಗಳ ತಳಪಾಯ ಇಲ್ಲೇ ಬಿತ್ತು. ಎಕ್ಸ್‌ಆರ್‌ಎಫ್ ತಾನಾಗಿ ಪ್ರಮಾಣವನ್ನು ಹೇಳಲಾರದು. ಗೊತ್ತಿರುವ ಮಾದರಿಯ ಕಿರಣತೀವ್ರತೆಗೆ ಗೊತ್ತಿಲ್ಲದ್ದನ್ನು ಹೋಲಿಸಿಯೇ ಅದು ಉತ್ತರ ಕೊಡಬೇಕು. ಗೊತ್ತಿರುವ ಮಾದರಿಗಳಾಗಿ ಜಿ-1, ಡಬ್ಲ್ಯು-1 ಜಗತ್ತಿನ ತುಂಬ ಬಳಕೆಯಾದವು. ಬೇಡಿಕೆ ಹೆಚ್ಚಿ ಜಿ-1ರ ದಾಸ್ತಾನು ಮುಗಿದಾಗ ಜಿ-2, ಬಿಸಿಆರ್-1, ಎಜಿವಿ-1 ಮುಂತಾದ ಹೊಸ ಪುಡಿಗಳು ಬಂದವು. ಮರಡಿಹಳ್ಳಿಯಂಥ ಬಸಾಲ್ಟ್ ಲಾವಾವನ್ನು ಅಳೆಯುವವರು ಇಂದಿಗೂ ಹವಾಯಿಯ ಬಿಎಚ್‌ವಿಒ-2ನಂಥ ಬಸಾಲ್ಟ್ ಪುಡಿಯನ್ನು ಜೊತೆಗಿಟ್ಟು ಅಳೆಯುತ್ತಾರೆ.

ಹರಳುಗಳ ಲೋಕದಲ್ಲಿ ಇಂಥ ಪ್ರಯತ್ನ 1960ರ ದಶಕದಲ್ಲಿ ನಡೆಯಿತು. ಅಮೆರಿಕದ ಹರಳುಶಾಸ್ತ್ರಜ್ಞರ ಸಂಘ ಕ್ಯಾಲ್ಸಿಯಂ ಫ್ಲೋರೈಡ್ ಹರಳಿನಿಂದ ಚದುರುವ ಕಿರಣಗಳ ತೀವ್ರತೆಯನ್ನು ಹಲವರಿಂದ ಅಳೆಸಿತು. ಅಂತಾರಾಷ್ಟ್ರೀಯ ಹರಳುಶಾಸ್ತ್ರ ಒಕ್ಕೂಟ ಟಾರ್ಟಾರಿಕ್ ಆಮ್ಲದ ಹರಳುಗಳ ಮೇಲೆ ಅದೇ ಪರೀಕ್ಷೆ ನಡೆಸಿ, 1970ರಲ್ಲಿ ಎಸ್. ಸಿ. ಏಬ್ರಹಾಮ್ಸ್, ಡಬ್ಲ್ಯು. ಸಿ. ಹ್ಯಾಮಿಲ್ಟನ್, ಎ. ಮ್ಯಾಥಿಸನ್ ಅದರ ವರದಿ ಪ್ರಕಟಿಸಿದರು. ಪ್ರತಿ ಲ್ಯಾಬು ತನ್ನ ಅಳತೆಯಲ್ಲಿ ಇಷ್ಟೇ ದೋಷವಿದೆಯೆಂದು ಹೇಳಿಕೊಂಡದ್ದಕ್ಕಿಂತ ಲ್ಯಾಬುಗಳ ನಡುವಿನ ಅಂತರ ದೊಡ್ಡದಾಗಿತ್ತು. ನಮ್ಮ ದೋಷವನ್ನು ನಾವೇ ಅಂದಾಜಿಸಿದರೆ ಅದು ಕಿರಿದಾಗಿ ಕಾಣುತ್ತದೆಂಬುದಕ್ಕೆ ಇಷ್ಟು ಸ್ಪಷ್ಟ ಪುರಾವೆ ಬೇರೆ ಕ್ಷೇತ್ರಗಳಲ್ಲಿ ಸಿಗುವುದು ಅಪರೂಪ.

ವ್ಯತ್ಯಾಸ ಹುಟ್ಟುವ ಜಾಗಗಳು

ಯಂತ್ರದೊಳಗೆ ಹೋಗುವ ಮುಂಚೆಯೇ ಬಹುಪಾಲು ತಪ್ಪು ಸೇರಿರುತ್ತದೆ. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕು, ಆದರೆ ಅದಿರಿನ ರಾಶಿಗೆ ಆ ಮಾತು ಒಪ್ಪದು. ದಪ್ಪ ಹೆಂಟೆ, ಸಣ್ಣ ಹರಳು, ಧೂಳು ಮೂರರಲ್ಲೂ ಕಬ್ಬಿಣದ ಅಂಶ ಬೇರೆ ಬೇರೆ. ಮೇಲಿನಿಂದ ಒಂದು ಸಲಿಕೆ ತೆಗೆದವನಿಗೂ ರಾಶಿಯ ನಾಲ್ಕು ಕಡೆ ಅಗೆದು ತೆಗೆದವನಿಗೂ ಸಿಗುವ ವಸ್ತುವೇ ಬೇರೆ. ಆಮೇಲೆ ಎಷ್ಟು ಒಳ್ಳೆಯ ಯಂತ್ರದಲ್ಲಿ ಅಳೆದರೂ ಆ ವ್ಯತ್ಯಾಸ ಹೋಗುವುದಿಲ್ಲ.

ದಿಂಬು ಲಾವಾದಲ್ಲಿ ಇದು ಇನ್ನೂ ಸೂಕ್ಷ್ಮ. ಪ್ರತಿ ದಿಂಬಿನ ಅಂಚು ನೀರು ತಾಗಿ ಥಟ್ಟನೆ ತಣ್ಣಗಾಗಿ ಗಾಜಿನಂತಾಗಿ, ನಂತರ ಹಸಿರು ಬಣ್ಣದ ಕ್ಲೋರೈಟ್ ಖನಿಜವಾಗಿ ಮಾರ್ಪಟ್ಟಿರುತ್ತದೆ. ನಡುಭಾಗ ನಿಧಾನವಾಗಿ ಹರಳುಗಟ್ಟಿರುತ್ತದೆ. ಅಂಚಿನ ಚೂರಿನಲ್ಲಿ ಸೋಡಿಯಂ, ಕ್ಯಾಲ್ಸಿಯಂ, ನೀರಿನ ಅಂಶ ನಡುಭಾಗಕ್ಕಿಂತ ಬೇರೆ. ಒಂದು ಲ್ಯಾಬು ಅಂಚನ್ನೂ ಇನ್ನೊಂದು ನಡುವನ್ನೂ ಅಳೆದು ಫಲಿತಾಂಶ ಹೊಂದದಿದ್ದರೆ ಇಬ್ಬರೂ ಸರಿಯಿರಬಹುದು. ಅದಕ್ಕೇ ತಾಳೆ ನೋಡಲು ಒಂದೇ ಕಲ್ಲಿನ ಚೂರುಗಳನ್ನು ಹಂಚುವುದಿಲ್ಲ, ಪೂರ್ತಿ ಪುಡಿಮಾಡಿ, ಬೆರೆಸಿ, ಏಕರೂಪವಾಗಿದೆಯೆಂದು ಪರೀಕ್ಷಿಸಿದ ಪುಡಿಯನ್ನು ಹಂಚುತ್ತಾರೆ. (ಮರಡಿಹಳ್ಳಿಯ ಸ್ಮಾರಕದಲ್ಲಿ ಸುತ್ತಿಗೆ ಎತ್ತುವಂತಿಲ್ಲ. ಅದೇ ಸ್ತರದ ಕಲ್ಲು ಸ್ಮಾರಕದ ಎಲ್ಲೆಯ ಹೊರಗೂ ಹರಡಿದೆ, ಸಂಶೋಧನೆಗೆ ಅದೇ ಸಾಕು.)

ಪುಡಿಮಾಡುವ ಪಾತ್ರೆಯೂ ಮಾದರಿಗೆ ತನ್ನ ಪಾಲು ಸೇರಿಸುತ್ತದೆ. ಟಂಗ್‌ಸ್ಟನ್ ಕಾರ್ಬೈಡ್ ಪಾತ್ರೆಯಲ್ಲಿ ಅರೆದರೆ ಟಂಗ್‌ಸ್ಟನ್ ಮತ್ತು ಕೋಬಾಲ್ಟ್ ಸೇರುತ್ತವೆ. ಕ್ರೋಮ್ ಉಕ್ಕಿನ ಪಾತ್ರೆಯಾದರೆ ಕ್ರೋಮಿಯಂ ಮತ್ತು ಕಬ್ಬಿಣ. ಲಾವಾದ ಮೂಲವನ್ನು ಊಹಿಸಲು ಕ್ರೋಮಿಯಂ, ಕೋಬಾಲ್ಟ್‌ಗಳನ್ನೇ ನೆಚ್ಚುವವರಿಗೆ ಇದು ಸಣ್ಣ ಮಾತಲ್ಲ. ವರದಿಯಲ್ಲಿ ಪಾತ್ರೆ ಯಾವುದೆಂದು ನಮೂದಿಸದಿದ್ದರೆ ಓದುವವನಿಗೆ ಗೊತ್ತಾಗುವ ದಾರಿಯೇ ಇಲ್ಲ.

ಅನಂತರ ಪುಡಿಯನ್ನು ಯಂತ್ರಕ್ಕೆ ಇಡುವ ರೂಪ. ಒತ್ತಿ ಮಾಡಿದ ಬಿಲ್ಲೆ ಒಂದು ದಾರಿ, ಕರಗಿಸಿ ಮಾಡಿದ ಗಾಜಿನ ಬಿಲ್ಲೆ ಇನ್ನೊಂದು. ಒತ್ತಿದ ಬಿಲ್ಲೆ ಅಗ್ಗ, ಬೇಗ ಆಗುತ್ತದೆ, ಸೂಕ್ಷ್ಮ ಪ್ರಮಾಣದ ಧಾತುಗಳಿಗೆ ಒಳ್ಳೆಯದು. ಆದರೆ ಹಗುರ ಧಾತುಗಳ ಕಿರಣ ತೀರಾ ಮೇಲ್ಪದರದಿಂದ ಮಾತ್ರ ಹೊರಬರುತ್ತದೆ. ಸೋಡಿಯಂನ ಕಿರಣದ ಶಕ್ತಿ 1.04 ಕಿಲೋ-ಎಲೆಕ್ಟ್ರಾನ್‌ವೋಲ್ಟ್, ಅದು ಕೆಲವೇ ಮೈಕ್ರೋಮೀಟರ್ ಆಳದಿಂದ ಬರುವುದು. ಪುಡಿಯ ಕಣವೇ ಅದಕ್ಕಿಂತ ದಪ್ಪವಿದ್ದರೆ ಯಂತ್ರ ನೋಡುವುದು ಮೇಲೆ ಮಲಗಿದ ಕಣವನ್ನು, ಇಡೀ ಮಾದರಿಯನ್ನಲ್ಲ. ಅಭ್ರಕದ ಹಾಳೆಗಳು ಒತ್ತಿದಾಗ ಮಲಗಿಕೊಳ್ಳುತ್ತವೆ, ಆಗ ಪೊಟ್ಯಾಸಿಯಂ ಹೆಚ್ಚಾಗಿ ಕಾಣಬಹುದು. ಈ ತೊಡಕಿಗೆ ಮದ್ದು ಗಾಜಿನ ಬಿಲ್ಲೆ. ಪುಡಿಯನ್ನು ಲಿಥಿಯಂ ಬೋರೇಟ್ ಜೊತೆ ಪ್ಲಾಟಿನಂ-ಚಿನ್ನದ ಮೂಸೆಯಲ್ಲಿ ಸುಮಾರು 1050 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿಸಿ ಅಚ್ಚಿಗೆ ಸುರಿಯುತ್ತಾರೆ. ಕಲ್ಲಿನ ಖನಿಜ ರಚನೆಯೆಲ್ಲ ಅಳಿದು ಒಂದೇ ಸಮನಾದ ಗಾಜು ಉಳಿಯುತ್ತದೆ. ಕಬ್ಬಿಣದ ಅದಿರಿಗೆ ಐಎಸ್‌ಒ 9516-1 ಎಂಬ ಅಂತಾರಾಷ್ಟ್ರೀಯ ಮಾನಕ ಇದೇ ದಾರಿಯನ್ನು ಹೇಳುತ್ತದೆ. ಸಲ್ಫೈಡ್ ಇರುವ ಅದಿರನ್ನು ಮಾತ್ರ ಮೊದಲು ಚೆನ್ನಾಗಿ ಉತ್ಕರ್ಷಿಸಬೇಕು, ಇಲ್ಲದಿದ್ದರೆ ದುಬಾರಿ ಪ್ಲಾಟಿನಂ ಮೂಸೆಯೇ ಹಾಳಾಗುತ್ತದೆ.

ಕುಲುಮೆಗೆ ಸಂಬಂಧಿಸಿದ ಇನ್ನೊಂದು ಅಡ್ಡಿ ಕಾಯಿಸಿದಾಗಿನ ತೂಕನಷ್ಟ. ಕಲ್ಲಿನಲ್ಲಿರುವ ನೀರು, ಇಂಗಾಲದ ಡೈಆಕ್ಸೈಡ್ ಹೋದಾಗ ತೂಕ ಇಳಿಯುತ್ತದೆ. ಅದೇ ಹೊತ್ತಿಗೆ ಫೆರಸ್ ಕಬ್ಬಿಣ ಗಾಳಿಯ ಆಮ್ಲಜನಕ ಹೀರಿ ಫೆರಿಕ್ ಆಗಿ ತೂಕ ಏರುತ್ತದೆ. ಫೆರಸ್ ಆಕ್ಸೈಡ್ ಪೂರ್ತಿ ಮಾರ್ಪಟ್ಟರೆ ಅದರ ತೂಕದ ಶೇ. 11ರಷ್ಟು ಏರಿಕೆಯಾಗುತ್ತದೆ. ಲಾವಾದಲ್ಲಿ ಫೆರಸ್ ಆಕ್ಸೈಡ್ ಶೇ. 10 ಇದ್ದರೆ ಸುಮಾರು ಶೇ. 1.1 ತೂಕ ಸೇರಿದಂತಾಯಿತು, ನಿಜವಾದ ನಷ್ಟ ಅಷ್ಟು ಕಡಿಮೆ ಕಾಣುತ್ತದೆ. ಒಂದು ಲ್ಯಾಬು ಇದನ್ನು ಸರಿಪಡಿಸಿ, ಇನ್ನೊಂದು ಸರಿಪಡಿಸದೆ ಬಿಟ್ಟರೆ ಎರಡು ವರದಿಗಳ ಒಟ್ಟು ಮೊತ್ತವೇ ಬೇರೆಯಾಗುತ್ತದೆ. ಕಬ್ಬಿಣವನ್ನು ಯಾವ ರೂಪದಲ್ಲಿ ಬರೆದಿದ್ದಾರೆ ಎಂಬುದನ್ನೂ ನೋಡಬೇಕು. ಫೆರಿಕ್ ಆಕ್ಸೈಡ್ ಶೇ. 12 ಎಂದರೂ ಫೆರಸ್ ಆಕ್ಸೈಡ್ ಶೇ. 10.8 ಎಂದರೂ ಕಬ್ಬಿಣ ಅಷ್ಟೇ. ಲೆಕ್ಕ ಗಮನಿಸದೆ ಎರಡು ಕೋಷ್ಟಕಗಳನ್ನು ಪಕ್ಕಪಕ್ಕ ಇಟ್ಟವರು ಇಲ್ಲದ ವ್ಯತ್ಯಾಸವನ್ನು ಕಾಣುತ್ತಾರೆ.

ಕೊನೆಗೆ ರೇಖೆಗಳ ಗೊಂದಲ. ಆರ್ಸೆನಿಕ್‌ನ ಪ್ರಮುಖ ರೇಖೆ 10.54ರಲ್ಲಿ, ಸೀಸದ ಒಂದು ಬಲವಾದ ರೇಖೆ 10.55 ಕಿಲೋ-ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ ಬೀಳುತ್ತವೆ. ಯಂತ್ರಕ್ಕೆ ಅವು ಒಂದೇ. ಚಿನ್ನವಿರುವ ಕಡೆ ಆರ್ಸೆನಿಕ್ ಜೊತೆಗಿರುವುದು ಸಾಮಾನ್ಯ, ಆದ್ದರಿಂದ ಚಿತ್ರದುರ್ಗ ಪಟ್ಟಿಯಲ್ಲಿ ಚಿನ್ನ ಹುಡುಕುವವರಿಗೆ ಆರ್ಸೆನಿಕ್ ದಾರಿ ತೋರುವ ಧಾತು. ಸಲ್ಫೈಡ್ ಅದಿರಿನಲ್ಲಿ ಸೀಸವೂ ಇದ್ದರೆ, ಅದರ ಪಾಲನ್ನು ಸೀಸದ ಬೇರೊಂದು ರೇಖೆಯಿಂದ ಲೆಕ್ಕ ಹಾಕಿ ಕಳೆಯಬೇಕು. ಕಳೆಯದ ಲ್ಯಾಬಿನ ವರದಿಯಲ್ಲಿ ಇಲ್ಲದ ಆರ್ಸೆನಿಕ್ ಕಾಣಿಸಿಕೊಳ್ಳುತ್ತದೆ. ಬೇರಿಯಂ-ಟೈಟಾನಿಯಂ, ರುಬಿಡಿಯಂ-ಯಿಟ್ರಿಯಂ ಜೋಡಿಗಳಲ್ಲೂ ಇದೇ ಸಮಸ್ಯೆ. ಕೈಯಲ್ಲಿ ಹಿಡಿದು ಬಂಡೆಗೆ ಒತ್ತಿ ನೋಡುವ ಗನ್ ಮಾದರಿಯ ಉಪಕರಣಗಳಲ್ಲಿ ಈ ಎಚ್ಚರ ಇನ್ನೂ ಬೇಕು. ಅವು ಹುಡುಕಾಟಕ್ಕೆ ತುಂಬ ಉಪಕಾರಿ, ಆದರೆ ದರ ನಿಗದಿಗೆ ಅವುಗಳ ರೀಡಿಂಗ್ ಒಂದನ್ನೇ ನೆಚ್ಚುವುದು ಸರಿಯಲ್ಲ.

ವಿವರ್ತನೆ ಮತ್ತು ಕಬ್ಬಿಣದ ತೊಡಕು

ಖನಿಜಗಳ ಪ್ರಮಾಣವನ್ನು ವಿವರ್ತನೆಯಿಂದ ಅಳೆಯುವುದರಲ್ಲಿ ಲ್ಯಾಬುಗಳು ಎಷ್ಟು ಹೊಂದುತ್ತವೆ ಎಂದು ಅಂತಾರಾಷ್ಟ್ರೀಯ ಹರಳುಶಾಸ್ತ್ರ ಒಕ್ಕೂಟದ ಪುಡಿ ವಿವರ್ತನ ಆಯೋಗ 1990ರ ದಶಕದ ಕೊನೆಯಲ್ಲಿ ಪರೀಕ್ಷಿಸಿತು. ಇಯನ್ ಮ್ಯಾಡ್ಸೆನ್, ನಿಕೊಲಾ ಸ್ಕಾರ್ಲೆಟ್ ಮತ್ತು ಸಂಗಡಿಗರ ವರದಿಗಳು 2001 ಮತ್ತು 2002ರಲ್ಲಿ ಬಂದವು. ಕೊರಂಡಂ, ಫ್ಲೋರೈಟ್, ಜಿಂಕೈಟ್ ಮೂರನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿದ ಎಂಟು ಮಿಶ್ರಣಗಳು ಸುಲಭದ ಪರೀಕ್ಷೆ. ಅದರಲ್ಲಿ ಹಲವರು ಚೆನ್ನಾಗಿಯೇ ಮಾಡಿದರು. ನಾಲ್ಕನೆಯ ಮಾದರಿ ಕೊರಂಡಂ, ಮ್ಯಾಗ್ನಟೈಟ್, ಜಿರ್ಕಾನ್‌ಗಳ ಮಿಶ್ರಣ. ಅಲ್ಲಿ ಉತ್ತರಗಳು ದಿಕ್ಕಾಪಾಲಾದವು.

ಕಾರಣ ಚಿತ್ರದುರ್ಗದ ಕಬ್ಬಿಣದ ಕಲ್ಲನ್ನು ಅಳೆಯುವವರಿಗೆ ನೇರವಾಗಿ ಸಂಬಂಧಿಸಿದ್ದು. ಸಾಮಾನ್ಯ ಯಂತ್ರದ ತಾಮ್ರದ ಕೊಳವೆ 8.05 ಕಿಲೋ-ಎಲೆಕ್ಟ್ರಾನ್‌ವೋಲ್ಟ್ ಕಿರಣ ಸೂಸುತ್ತದೆ. ಕಬ್ಬಿಣ 7.11ಕ್ಕಿಂತ ಹೆಚ್ಚಿನ ಶಕ್ತಿಯ ಕಿರಣವನ್ನು ಬಲವಾಗಿ ಹೀರಿ, ತಾನೇ ಬೆಳಗತೊಡಗುತ್ತದೆ. ಹಿನ್ನೆಲೆಯ ಮಟ್ಟ ಏರುತ್ತದೆ. ದಪ್ಪ ಮ್ಯಾಗ್ನಟೈಟ್ ಕಣದೊಳಕ್ಕೆ ಹೋದ ಕಿರಣ ಹೊರಬರುವುದೇ ಕಷ್ಟ, ಪಕ್ಕದ ಕೊರಂಡಂ ಕಣದಲ್ಲಿ ಅದು ಸಲೀಸಾಗಿ ಓಡಾಡುತ್ತದೆ. ಹಾಗಾಗಿ ಮ್ಯಾಗ್ನಟೈಟ್ ಇದ್ದದ್ದಕ್ಕಿಂತ ಕಡಿಮೆ ಎಂದು ಲೆಕ್ಕ ಬರುತ್ತದೆ. ಇದಕ್ಕೆ ಬ್ರಿಂಡ್ಲಿ 1945ರಲ್ಲಿ ಒಂದು ತಿದ್ದುಪಡಿ ಸೂತ್ರ ಕೊಟ್ಟಿದ್ದರು. ಪರೀಕ್ಷೆಯಲ್ಲಿ ಭಾಗವಹಿಸಿದ ಹಲವರು ಕಣದ ಗಾತ್ರವನ್ನು ಊಹಿಸಿ ಆ ಸೂತ್ರ ಹಚ್ಚಿದರು, ಫಲಿತಾಂಶ ತಿದ್ದುವ ಬದಲು ಇನ್ನಷ್ಟು ಕೆಟ್ಟಿತು. ವ್ಯತ್ಯಾಸದ ದೊಡ್ಡ ಪಾಲು ಬಂದದ್ದು ಅಳೆಯುವವರ ತಿಳಿವಳಿಕೆಯ ಕೊರತೆಯಿಂದ. ಈ ವರದಿಯನ್ನು ಓದದೆ ಯಾರೂ ಕಬ್ಬಿಣದ ಅದಿರಿನ ಖನಿಜ ಪ್ರಮಾಣವನ್ನು ಪ್ರಕಟಿಸಬಾರದೆಂಬುದು ಈ ಲೇಖಕನ ಅಭಿಪ್ರಾಯ. ಪರಿಹಾರ ಸರಳವೇ: ಕಣ ಕೆಲವು ಮೈಕ್ರೋಮೀಟರ್‌ಗೆ ಇಳಿಯುವಂತೆ ನುಣ್ಣಗೆ ಅರೆಯುವುದು, ಸಾಧ್ಯವಿದ್ದರೆ ಕೋಬಾಲ್ಟ್ ಕೊಳವೆ ಬಳಸುವುದು. ಕೋಬಾಲ್ಟ್ ಕಿರಣದ ಶಕ್ತಿ 6.93, ಕಬ್ಬಿಣವನ್ನು ಕೆರಳಿಸುವ ಮಿತಿಗಿಂತ ಕೆಳಗೆ.

ಕೋನಗಳ ಮಾಪನಾಂಕನಕ್ಕೆ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಸಿಲಿಕಾನ್ ಪುಡಿ, ಲ್ಯಾಂಥನಂ ಹೆಕ್ಸಾಬೋರೈಡ್ ಪುಡಿ ಮತ್ತು ಅಲ್ಯೂಮಿನಾ ಫಲಕಗಳನ್ನು ಜಗತ್ತಿನೆಲ್ಲೆಡೆ ಬಳಸುತ್ತಾರೆ. ಜೇಡಿಮಣ್ಣಿನ ಖನಿಜಗಳಿಗಾಗಿ 2002ರಿಂದ ಎರಡು ವರ್ಷಕ್ಕೊಮ್ಮೆ ರೆನಾಲ್ಡ್ಸ್ ಕಪ್ ಎಂಬ ಸ್ಪರ್ಧೆಯ ರೂಪದ ತಾಳೆ ನಡೆಯುತ್ತಿದೆ.

ಅಂಕಗಳ ಲೆಕ್ಕ

ತಾಳೆಯ ಫಲಿತಾಂಶವನ್ನು ಓದಲು ಡಬ್ಲ್ಯು. ಜೆ. ಯೂಡನ್ 1959ರಲ್ಲಿ ಸೂಚಿಸಿದ ಚಿತ್ರ ಇಂದಿಗೂ ಅತ್ಯುತ್ತಮ. ಒಂದೇ ಬಗೆಯ ಎರಡು ಮಾದರಿಗಳನ್ನು ಎಲ್ಲ ಲ್ಯಾಬುಗಳಿಗೂ ಕಳಿಸಬೇಕು. ಮೊದಲ ಮಾದರಿಯ ಉತ್ತರ ಅಡ್ಡ ಅಕ್ಷದಲ್ಲಿ, ಎರಡನೆಯದರದು ಉದ್ದ ಅಕ್ಷದಲ್ಲಿ, ಪ್ರತಿ ಲ್ಯಾಬಿಗೆ ಒಂದು ಚುಕ್ಕೆ. ತಪ್ಪುಗಳು ಆಕಸ್ಮಿಕವಾಗಿದ್ದರೆ ಚುಕ್ಕೆಗಳು ದುಂಡಗೆ ಚದುರುತ್ತವೆ. ಆದರೆ ವಾಸ್ತವದಲ್ಲಿ ಅವು 45 ಡಿಗ್ರಿ ಓರೆಗೆರೆಯ ಉದ್ದಕ್ಕೂ ಸಾಲುಗಟ್ಟುವುದೇ ಹೆಚ್ಚು. ಮೊದಲ ಮಾದರಿಯಲ್ಲಿ ಹೆಚ್ಚು ಹೇಳಿದ ಲ್ಯಾಬು ಎರಡನೆಯದರಲ್ಲೂ ಹೆಚ್ಚು ಹೇಳುತ್ತದೆ. ಆ ಲ್ಯಾಬಿಗೊಂದು ಸ್ಥಿರ ವಾಲುವಿಕೆ ಇದೆ ಎಂದರ್ಥ.

ಶಿಲಾ ವಿಶ್ಲೇಷಣೆಗೆ ಅಂತಾರಾಷ್ಟ್ರೀಯ ಭೂವಿಶ್ಲೇಷಕರ ಸಂಘ 1996ರಿಂದ ಜಿಯೋಪಿಟಿ ಎಂಬ ಪರೀಕ್ಷೆ ನಡೆಸುತ್ತಿದೆ. ಲ್ಯಾಬಿನ ಉತ್ತರದಿಂದ ಒಪ್ಪಿತ ಮೌಲ್ಯವನ್ನು ಕಳೆದು, ಬಂದ ವ್ಯತ್ಯಾಸವನ್ನು ಅನುಮತಿತ ವಿಚಲನೆಯಿಂದ ಭಾಗಿಸಿದರೆ ಝಡ್ ಅಂಕ ಸಿಗುತ್ತದೆ. ಅದು ಎರಡೂ ಕಡೆ 2ರೊಳಗಿದ್ದರೆ ತೃಪ್ತಿಕರ, 2ರಿಂದ 3 ಸಂಶಯಾಸ್ಪದ, 3 ದಾಟಿದರೆ ಸ್ವೀಕಾರಾರ್ಹವಲ್ಲ. ಅನುಮತಿತ ವಿಚಲನೆಯನ್ನು ವಿಲಿಯಂ ಹಾರ್ವಿಟ್ಜ್ 1980ರ ಸುಮಾರಿಗೆ ಗುರುತಿಸಿದ ಸಂಬಂಧದಿಂದ ಪಡೆಯುತ್ತಾರೆ: ಧಾತುವಿನ ಪ್ರಮಾಣ ಕಡಿಮೆಯಾದಷ್ಟೂ ಲ್ಯಾಬುಗಳ ನಡುವಿನ ಸಾಪೇಕ್ಷ ಅಂತರ ಹೆಚ್ಚುತ್ತದೆ. ಜಿಯೋಪಿಟಿಯಲ್ಲಿ ಶುದ್ಧ ಸಂಶೋಧನೆಯ ಲ್ಯಾಬುಗಳಿಗೆ ಬಿಗಿ ಮಿತಿ, ಅನ್ವಯಿಕ ಕೆಲಸದವರಿಗೆ ಅದರ ಎರಡರಷ್ಟು ಸಡಿಲ ಮಿತಿ ಇದೆ.

ದಿಂಬು ಲಾವಾದಂಥ ಒಂದು ಪುಡಿಯಲ್ಲಿ ಸಿಲಿಕಾದ ಒಪ್ಪಿತ ಮೌಲ್ಯ ಶೇ. 50 ಎಂದುಕೊಳ್ಳೋಣ. ಬಿಗಿ ಮಿತಿಯ ಲೆಕ್ಕದಲ್ಲಿ ಅನುಮತಿತ ವಿಚಲನೆ ಶೇ. 0.55ರಷ್ಟು ಬರುತ್ತದೆ. ಒಂದು ಲ್ಯಾಬು 51.4 ಎಂದರೆ ಅದರ ಅಂಕ ಸುಮಾರು 2.5, ಸಂಶಯದ ಪಟ್ಟಿಗೆ ಸೇರುತ್ತದೆ. ಅದೇ ಉತ್ತರ ಅನ್ವಯಿಕ ವರ್ಗದಲ್ಲಿ ಸುಮಾರು 1.3 ಅಂಕ ಪಡೆದು ಪಾಸಾಗುತ್ತದೆ. ಸಂಖ್ಯೆ ಒಂದೇ, ತೀರ್ಪು ಎರಡು. ಯಾವ ಕೆಲಸಕ್ಕೆ ಅಳತೆ ಎಂಬುದನ್ನು ಬಿಟ್ಟು ಅಳತೆಯ ಒಳ್ಳೆಯತನವನ್ನು ಹೇಳಲಾಗದು.

ಅದಿರಿನ ದರ್ಜೆ, ಅಳತೆಯ ಹೊಣೆ

ಹಾರ್ವಿಟ್ಜ್ ಸಂಬಂಧವನ್ನೇ ಶೇ. 58 ಕಬ್ಬಿಣವಿರುವ ಅದಿರಿಗೆ ಹಚ್ಚಿದರೆ ಬಿಗಿ ಮಿತಿಯಲ್ಲೂ ಅನುಮತಿತ ವಿಚಲನೆ ಶೇ. 0.6ಕ್ಕಿಂತ ಸ್ವಲ್ಪ ಹೆಚ್ಚು. ಲಾವಾದ ಚರಿತ್ರೆ ಬರೆಯುವವನಿಗೆ ಅದು ಸಾಕಾದೀತು, ಅದಿರಿನ ವ್ಯಾಪಾರಕ್ಕೆ ಖಂಡಿತ ಸಾಲದು. ಭಾರತೀಯ ಗಣಿ ಬ್ಯೂರೊ ಪ್ರಕಟಿಸುವ ಸರಾಸರಿ ಮಾರಾಟ ಬೆಲೆ ಶೇ. 55–58, 58–60, 60–62 ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ, ಸರ್ಕಾರಕ್ಕೆ ಸಲ್ಲುವ ರಾಜಧನ ಆ ಬೆಲೆಯ ಮೇಲೆ ನಿಗದಿಯಾಗುತ್ತದೆ. 57.8 ಎಂದ ಲ್ಯಾಬಿಗೂ 58.2 ಎಂದ ಲ್ಯಾಬಿಗೂ ನಡುವೆ ಒಂದು ಮೆಟ್ಟಿಲ ಅಂತರ. ತೇವವನ್ನು ಮರೆತರೂ ಅಷ್ಟೇ: 105 ಡಿಗ್ರಿಯಲ್ಲಿ ಒಣಗಿಸಿದ ಪುಡಿಯಲ್ಲಿ ಶೇ. 59 ಕಬ್ಬಿಣವಿದ್ದರೆ, ಶೇ. 2 ತೇವವಿರುವ ಹಸಿ ಪುಡಿಯಲ್ಲಿ ಅದು 57.8ಕ್ಕೆ ಇಳಿಯುತ್ತದೆ.

ಚಿತ್ರದುರ್ಗಕ್ಕೆ ಈ ವಿಷಯ ಹೊಸದಲ್ಲ. ಅಕ್ರಮ ಗಣಿಗಾರಿಕೆಯ ಹಿನ್ನೆಲೆಯಲ್ಲಿ ಸುಪ್ರೀಂ ಕೋರ್ಟ್ 2011ರ ಜುಲೈ ಕೊನೆಯಲ್ಲಿ ಬಳ್ಳಾರಿಯಲ್ಲೂ ಆಗಸ್ಟ್ 26ರಂದು ಚಿತ್ರದುರ್ಗ, ತುಮಕೂರು ಜಿಲ್ಲೆಗಳಲ್ಲೂ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಲ್ಲಿಸಿತು. ಮುಂದೆ ಅದಿರು ಉಸ್ತುವಾರಿ ಸಮಿತಿಯ ನೇತೃತ್ವದಲ್ಲಿ ಇ-ಹರಾಜಿನಲ್ಲೇ ಮಾರಾಟವಾಗಬೇಕಾಯಿತು, 2022ರ ಮೇ ತಿಂಗಳಲ್ಲಿ ಆ ಕಟ್ಟುಪಾಡು ಸಡಿಲವಾಯಿತು. ಕಣ್ಣಾರೆ ನೋಡದೆ ಪರದೆಯ ಮೇಲಿನ ದರ್ಜೆ ನೋಡಿ ಕೂಗುವ ಹರಾಜಿನಲ್ಲಿ ಆ ದರ್ಜೆಯ ಸಂಖ್ಯೆಯೇ ಸರಕು. ಅದಿರು ವ್ಯಾಪಾರದ ಹಳೆಯ ಪದ್ಧತಿ ಇಲ್ಲಿ ನೆರವಿಗೆ ಬರುತ್ತದೆ. ಒಂದೇ ಪುಡಿಯನ್ನು ಭಾಗ ಮಾಡಿ ಮೊಹರು ಹಾಕುತ್ತಾರೆ. ಒಂದು ಮಾರುವವನಿಗೆ, ಒಂದು ಕೊಳ್ಳುವವನಿಗೆ, ಒಂದು ಎತ್ತಿಟ್ಟದ್ದು. ಇಬ್ಬರ ಉತ್ತರ ಒಪ್ಪಂದದ ಮಿತಿ ಮೀರಿ ಬೇರೆಯಾದರೆ ಮೂರನೆಯದು ತಟಸ್ಥ ಲ್ಯಾಬಿಗೆ ಹೋಗುತ್ತದೆ. ಅಲ್ಲಿ ಒಟ್ಟು ಕಬ್ಬಿಣಕ್ಕೆ ಕ್ಷ-ಕಿರಣಕ್ಕಿಂತ ಹಳೆಯದಾದ ಡೈಕ್ರೋಮೇಟ್ ಅನುಮಾಪನವನ್ನು ಈಗಲೂ ಮಾಡುತ್ತಾರೆ, ಅದು ಕ್ಷ-ಕಿರಣದ ಮಾಪನಾಂಕನವನ್ನು ಅವಲಂಬಿಸದ ಸ್ವತಂತ್ರ ಸಾಕ್ಷಿ.

ಭಾರತದಲ್ಲಿ ಲ್ಯಾಬುಗಳ ಅರ್ಹತೆಯನ್ನು ಐಎಸ್‌ಒ/ಐಇಸಿ 17025 ಮಾನಕದಂತೆ ಗುರುತಿಸುವುದು ಎನ್‌ಎಬಿಎಲ್ ಎಂಬ ಮಾನ್ಯತಾ ಮಂಡಳಿ. ಮಾನ್ಯತೆ ಉಳಿಸಿಕೊಳ್ಳಲು ಲ್ಯಾಬು ತಾಳೆ ಪರೀಕ್ಷೆಗಳಲ್ಲಿ ಭಾಗವಹಿಸಬೇಕು. ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ರಾಷ್ಟ್ರೀಯ ಭೂರಾಸಾಯನಿಕ ನಕ್ಷೆಯ ಯೋಜನೆ 2001ರಲ್ಲಿ ಆರಂಭವಾಯಿತು. ಹಳ್ಳ-ತೊರೆಗಳ ಮಣ್ಣನ್ನು 2 ಕಿ.ಮೀ. ಚೌಕಗಳ ಲೆಕ್ಕದಲ್ಲಿ ಒಟ್ಟುಗೂಡಿಸಿ ಹಲವು ಲ್ಯಾಬುಗಳಲ್ಲಿ ವಿಶ್ಲೇಷಿಸುತ್ತಾರೆ. ಎರಡು ನಕ್ಷೆಹಾಳೆಗಳ ಅಂಚಿನಲ್ಲಿ ಬಣ್ಣ ಒಮ್ಮೆಗೇ ಬದಲಾದರೆ ಅದು ನೆಲದ ಗುಣವೋ ಎರಡು ಲ್ಯಾಬುಗಳ ಅಂತರವೋ ಎಂದು ಪ್ರಶ್ನಿಸುವುದು ಇಂಥ ನಕ್ಷೆ ಓದುವವರ ಮೊದಲ ಕರ್ತವ್ಯ.

ಬೇರೆ ಕ್ಷೇತ್ರಗಳು

ಸಿಂಕ್ರೊಟ್ರಾನ್ ಕಿರಣದಿಂದ ಕಬ್ಬಿಣದ ಹೀರುವಿಕೆಯ ಅಂಚನ್ನು ಅಳೆದು ಅದು ಫೆರಸ್ಸೋ ಫೆರಿಕ್ಕೋ ಎಂದು ಹೇಳಬಹುದು. ನಮ್ಮ ದೇಶದಲ್ಲಿ ಇಂದೋರಿನ ಇಂಡಸ್-2ರಲ್ಲಿ ಆ ಸೌಲಭ್ಯವಿದೆ. ಎರಡು ಸ್ಥಿತಿಗಳ ನಡುವೆ ಅಂಚು ಸರಿಯುವುದು ಕೆಲವೇ ಎಲೆಕ್ಟ್ರಾನ್‌ವೋಲ್ಟ್, ಆದ್ದರಿಂದ ಪ್ರತಿ ಅಳತೆಯ ಜೊತೆ 7112 ಎಲೆಕ್ಟ್ರಾನ್‌ವೋಲ್ಟ್‌ನಲ್ಲಿ ಅಂಚಿರುವ ಶುದ್ಧ ಕಬ್ಬಿಣದ ಹಾಳೆಯನ್ನೂ ಅಳೆದಿಡಬೇಕು.

ವೈದ್ಯಕೀಯದಲ್ಲಿ ತಾಳೆ ಜೀವದ ಪ್ರಶ್ನೆ. 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ದೇಶದ ಎಕ್ಸ್-ರೇ ಯಂತ್ರಗಳ ಗುಣಮಟ್ಟದ ಮೇಲ್ವಿಚಾರಣೆ ನಡೆಸುತ್ತದೆ. ಕ್ಯಾನ್ಸರ್ ಚಿಕಿತ್ಸೆಯ ಕಿರಣಗಳಿಗೆ ಅಂತಾರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ 1969ರಿಂದ ಅಂಚೆ ಮೂಲಕ ತಾಳೆ ನಡೆಸುತ್ತಿವೆ. ಕಿರಣ ಹೀರಿ ನೆನಪಿಟ್ಟುಕೊಳ್ಳುವ ಪುಟ್ಟ ಉಪಕರಣಗಳನ್ನು ಆಸ್ಪತ್ರೆಗೆ ಕಳಿಸುತ್ತಾರೆ, ಆಸ್ಪತ್ರೆ ನಿಗದಿತ 2 ಗ್ರೇ ಪ್ರಮಾಣ ಕೊಟ್ಟು ಹಿಂದಿರುಗಿಸುತ್ತದೆ. ಅಳತೆ ಶೇ. 5ರೊಳಗೆ ಹೊಂದಬೇಕು. ಆರಂಭದ ವರ್ಷಗಳಲ್ಲಿ ಅರ್ಧದಷ್ಟು ಫಲಿತಾಂಶಗಳು ಮಾತ್ರ ಆ ಮಿತಿಯೊಳಗಿದ್ದವು, ಈಗ ಬಹುತೇಕ ಎಲ್ಲವೂ ಮಿತಿಯೊಳಗಿವೆ. ತಾಳೆ ನೋಡುವುದರಿಂದಲೇ ಅಳತೆ ಸುಧಾರಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದಾಖಲೆ ಈ ಕ್ಷೇತ್ರದಲ್ಲಿಲ್ಲ. ಮೂಳೆಸಾಂದ್ರತೆಯ ಯಂತ್ರಗಳಲ್ಲಿ ಬೇರೆ ಬೇರೆ ಕಂಪನಿಗಳವು ಒಬ್ಬನೇ ರೋಗಿಗೆ ಬೇರೆ ಸಂಖ್ಯೆ ಕೊಡುತ್ತವೆ, ಆದ್ದರಿಂದ ಮರುಪರೀಕ್ಷೆಯನ್ನು ಮೊದಲು ಮಾಡಿಸಿದ ಯಂತ್ರದಲ್ಲೇ ಮಾಡಿಸುವುದು ಕ್ಷೇಮ.

ನಮ್ಮ ನೆಲದ ಆಕರ ಪುಡಿ

ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಭಾರತೀಯ ನಿರ್ದೇಶಕ ದ್ರವ್ಯ ಎಂಬ ಹೆಸರಿನಲ್ಲಿ ಪ್ರಮಾಣಿತ ಮಾದರಿಗಳನ್ನು ಕೊಡುತ್ತದೆ. ಡೆಹ್ರಾಡೂನಿನ ವಾಡಿಯಾ ಹಿಮಾಲಯ ಭೂವಿಜ್ಞಾನ ಸಂಸ್ಥೆ ಹಿಮಾಲಯದ ಗ್ರಾನೈಟ್ ಮತ್ತು ಆಂಫಿಬೊಲೈಟ್‌ನಿಂದ ಡಿಜಿ-ಎಚ್, ಎಎಂ-ಎಚ್ ಎಂಬ ಎರಡು ಆಕರ ಪುಡಿಗಳನ್ನು ಸಿದ್ಧಪಡಿಸಿದೆ. ಧಾರವಾಡ ಕಾಲದ ಹಸಿರುಶಿಲೆ ಮತ್ತು ಪಟ್ಟೆಗಬ್ಬಿಣದ ಕಲ್ಲಿಗೂ ಇಂಥ ಪುಡಿ ಬೇಕು. ಆಕರ ಮಾದರಿಯ ಖನಿಜ ರಚನೆ ಅಳೆಯಬೇಕಾದ ಕಲ್ಲಿಗೆ ಹತ್ತಿರವಿದ್ದಷ್ಟೂ, ಒತ್ತಿದ ಬಿಲ್ಲೆಯ ಅಳತೆ ಹೆಚ್ಚು ನೆಚ್ಚುವಂತಿರುತ್ತದೆ. ಹವಾಯಿಯ ತಾಜಾ ಬಸಾಲ್ಟು ಕ್ಲೋರೈಟ್ ತುಂಬಿದ ಐಮಂಗಲ ಸೀಮೆಯ ಲಾವಾಕ್ಕೆ ರಾಸಾಯನಿಕವಾಗಿ ನೆಂಟ, ಖನಿಜ ರಚನೆಯಲ್ಲಿ ದೂರದವನು. ಜಿ-1ರ ದಾಸ್ತಾನು ಖಾಲಿಯಾದ ಕಥೆಯನ್ನು ನೆನೆದು, ಅಂಥ ಪುಡಿ ಮಾಡುವವರು ನೂರಾರು ಕಿಲೋ ಕಲ್ಲನ್ನು ಒಂದೇ ಸಲ ಅರೆದು, ಬೆರೆಸಿ, ಬಾಟಲಿಗಳಲ್ಲಿ ತುಂಬಿ, ಪ್ರತಿ ಬಾಟಲಿಯೂ ಒಂದೇ ಎಂದು ಪರೀಕ್ಷಿಸಿದ ಮೇಲೆ ಹಂಚಬೇಕು. ಎಕ್ಸ್‌ಆರ್‌ಎಫ್ ಜೊತೆಗೆ ಆಮ್ಲದಲ್ಲಿ ಕರಗಿಸಿ ಅಳೆಯುವ ಬೇರೆ ವಿಧಾನಗಳ ಲ್ಯಾಬುಗಳೂ ಅದರ ಮೌಲ್ಯ ನಿಗದಿಯಲ್ಲಿ ಕೈಜೋಡಿಸಬೇಕು, ಒಂದೇ ವಿಧಾನದ ಹತ್ತು ಲ್ಯಾಬುಗಳು ಒಪ್ಪಿದರೂ ಆ ವಿಧಾನದ ದೋಷ ಹತ್ತರಲ್ಲೂ ಉಳಿದಿರುತ್ತದೆ.